ತೋಟ ಅಡವಿಡದೆ ಒಂದು ಬಾಡಿಗೆ ಮನೆ

ಅಕ್ಕ ತರೀಕೆರೆಯಲ್ಲಿ ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತಳಾದವಳು. ತಮ್ಮ ಅಜ್ಜಂಪುರದಲ್ಲಿ ಮೆಸ್ಕಾಂ ನೌಕರ. ಕಡೂರು ತಾಲ್ಲೂಕಿನಲ್ಲಿ ಇವರದೊಂದು ಅಡಿಕೆ-ತೆಂಗಿನ ತೋಟ. ಅಪ್ಪ ತೀರಿಹೋದ ಮೇಲೆ ಪಹಣಿ ಅಮ್ಮ ಮತ್ತು ಇಬ್ಬರು ಮಕ್ಕಳ ಜಂಟಿ ಹೆಸರಿಗೆ ಬಂದಿದೆ. ಒಂದು ಕೈಯಲ್ಲಿ ಸಂಬಳ, ಇನ್ನೊಂದು ಕೈಯಲ್ಲಿ ಅಡಿಕೆ ಇರುವ ಇಂಥ ಕುಟುಂಬಗಳು ಈ ಮೂರೂ ತಾಲ್ಲೂಕುಗಳಲ್ಲಿ ಬಹಳ. ಆದಾಯಕ್ಕೆಂದು ಮೊದಲ ಆಸ್ತಿ ಮಾಡಲು ಹೊರಟಾಗ ಅವರ ಮನೆಗಳಲ್ಲಿ ಆಡಬೇಕಾದ ಮಾತು ಇದು.

ತಮ್ಮ: ಅಕ್ಕಾ, ಕಡೂರಿನ ಬೈಪಾಸ್ ಕಡೆ ಒಂದು ಲೇಔಟ್ ಆಗ್ತಿದೆ. 30–40ರ ಸೈಟು. ಈಗಲೇ ಹಿಡಿದರೆ ಕಡಿಮೆಗೆ ಕೊಡ್ತಾರಂತೆ. ತೋಟದ ಮೇಲೆ ಸಾಲ ತೆಗೆದು ಎರಡು ಸೈಟು ಮಾಡೋಣ ಅಂತಿದ್ದೀನಿ. ನಿನ್ನದೊಂದು ಸಹಿ ಬೇಕು.

ಅಕ್ಕ: ಸಹಿ ವಿಚಾರ ಆಮೇಲೆ ಮಾತಾಡೋಣ. ಎರಡು ಸೈಟು ಯಾತಕ್ಕೆ, ಅದನ್ನು ಮೊದಲು ಹೇಳು.

ತಮ್ಮ: ರಿಟೈರ್ ಆಗೋ ಹೊತ್ತಿಗೆ ಒಂದು ಆದಾಯ ಇರಲಿ ಅಂತ. ತುಮಕೂರು–ಶಿವಮೊಗ್ಗ ರಸ್ತೆ ನಾಲ್ಕು ಪಥ ಆಗ್ತಾ ಬಂದಿದೆ. ಚಿಕ್ಕಮಗಳೂರಿಗೆ 2013ರಿಂದ ರೈಲೂ ಓಡ್ತಿದೆ. ಬೆಲೆ ಏರದೆ ಇರುತ್ತಾ?

ಅಕ್ಕ: ಬೆಲೆ ಏರೋದು ಬೇರೆ, ಆದಾಯ ಬೇರೆ ಕಣೋ. ಖಾಲಿ ಸೈಟು ತಿಂಗಳಿಗೆ ಒಂದು ರೂಪಾಯಿ ತರಲ್ಲ. ಕಂತು ಮಾತ್ರ ತಾರೀಖು ತಪ್ಪದೆ ಬರುತ್ತೆ. ಮಳೆ ಕೈಕೊಟ್ಟ ವರ್ಷವೂ ಬರುತ್ತೆ. ಮಾರೋಣ ಅಂತ ಹೊರಟರೆ ಅವತ್ತೇ ಗಿರಾಕಿ ಸಿಗ್ತಾನೆ ಅನ್ನೋ ಭರವಸೆ ನಮ್ಮ ಊರುಗಳಲ್ಲಿ ಇಲ್ಲ. ಇರಲಿ, ಆ ಜಮೀನಿಗೆ ಭೂ ಪರಿವರ್ತನೆ ಆಗಿದೆಯಾ?

ತಮ್ಮ: ಆಗ್ತಾ ಇದೆ ಅಂದರು.

ಅಕ್ಕ: ‘ಆಗ್ತಾ ಇದೆ’ ಅನ್ನೋದಕ್ಕೆ ಕಾಗದ ಇಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಯ ಆದೇಶ ಆಗಿರಬೇಕು. ಅದಾದ ಮೇಲೆ ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ. ಅದಾದ ಮೇಲೆ ನಿನ್ನ ಸೈಟಿಗೆ ಬಿಡಿ ಖಾತೆ. ಪಂಚಾಯಿತಿ ವ್ಯಾಪ್ತಿ ಆದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ, ಪುರಸಭೆ ಆದರೆ ಇ-ಆಸ್ತಿ ಖಾತೆ. ಈಗ ಇ-ಖಾತೆ ಇಲ್ಲದೆ ಸೈಟು ನೋಂದಣಿಯೇ ಆಗಲ್ಲ. ಅದಕ್ಕೆ ಒಂದು ಕರಾರು ಬರೆದು, ಜಿಪಿಎ ಅಂತ ಒಂದು ಅಧಿಕಾರ ಪತ್ರ ಕೊಟ್ಟು, ದುಡ್ಡು ಇಸ್ಕೊಂಡುಬಿಡ್ತಾರೆ. ಜಿಪಿಎಯಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿ ಆಗಿದೆ.

ತಮ್ಮ: 2025ರಿಂದ ಪಟ್ಟಣಗಳಲ್ಲಿ ಅನಧಿಕೃತ ಸೈಟುಗಳಿಗೂ ಬಿ-ಖಾತೆ ಕೊಡ್ತಿದ್ದಾರಲ್ಲ?

ಅಕ್ಕ: ಕೊಡ್ತಿದ್ದಾರೆ. ಆಗಲೇ ಮನೆ ಕಟ್ಟಿಕೊಂಡು ತೆರಿಗೆಯ ಲೆಕ್ಕಕ್ಕೆ ಬರದೆ ಒದ್ದಾಡ್ತಿದ್ದವರಿಗೆ ಅದರಿಂದ ಒಂದು ದಾರಿ ಆಯ್ತು, ಒಳ್ಳೇದೇ. ಆದರೆ ತೆರಿಗೆ ಕಟ್ಟಿಸಿಕೊಂಡ ಮಾತ್ರಕ್ಕೆ ಬಡಾವಣೆ ಸಕ್ರಮ ಆಗಲ್ಲ. ಹೊಸದಾಗಿ ಕೊಳ್ಳೋನು ಆ ತೊಡಕಿನೊಳಗೆ ತಾನಾಗಿ ಯಾಕೆ ಕಾಲಿಡಬೇಕು? ಇಷ್ಟು ವರ್ಷ ಸಾಲದ ಅರ್ಜಿ ನೋಡಿ ನಾನು ಕಂಡುಕೊಂಡಿದ್ದು ಒಂದೇ: ಬ್ಯಾಂಕು ಸಾಲ ಕೊಡದ ಜಾಗವನ್ನ ನಗದು ಕೈಯಲ್ಲಿದ್ದರೂ ಕೊಳ್ಳಬಾರದು. ಬ್ಯಾಂಕಿನ ವಕೀಲರು ಕಾಗದ ನೋಡೋದು ಬ್ಯಾಂಕಿನ ಹಿತಕ್ಕೆ, ನಿನ್ನ ಹಿತಕ್ಕಲ್ಲ, ಒಪ್ಪಿದೆ. ಆದರೂ ಅವರಿಗೆ ಒಪ್ಪಿಗೆಯಾಗದ ಪತ್ರ ನಾಳೆ ನಿನ್ನಿಂದ ಕೊಳ್ಳುವವನ ಬ್ಯಾಂಕಿಗೂ ಒಪ್ಪಿಗೆಯಾಗಲ್ಲ. ಆಗ ನೀನು ಮಾರೋದು ಯಾರಿಗೆ?

ತಮ್ಮ: ಸರಿ, ಸೈಟು ಬೇಡ. ಜಮೀನು? ಅಜ್ಜಂಪುರದ ಹತ್ತಿರ ಕಾವಲಿಗೆ ಹೊಂದಿಕೊಂಡ ಹಾಗೆ ಎರಡೂವರೆ ಎಕರೆ ಇದೆ. ಸುತ್ತಲಿನ ಬೆಲೆಗಿಂತ ತುಂಬಾ ಕಡಿಮೆ.

ಅಕ್ಕ: ಕಾವಲು ಅಂದ ತಕ್ಷಣ ನಾನು ಎರಡು ಹೆಜ್ಜೆ ಹಿಂದೆ ಸರೀತೀನಿ. ಅಮೃತಮಹಲ್ ರಾಸುಗಳಿಗೆ ಬಿಟ್ಟ ಹುಲ್ಲುಗಾವಲು ಅದು, ಸರ್ಕಾರದ್ದು. ತಳಿ ಸಂವರ್ಧನಾ ಕೇಂದ್ರ ನಿಮ್ಮ ಅಜ್ಜಂಪುರದಲ್ಲೇ ಇದೆ. ಕಡೂರು ಕಡೆ ಬಾಸೂರಿನ ಕಾವಲನ್ನ ಕೃಷ್ಣಮೃಗಗಳಿಗೋಸ್ಕರ 2011ರಲ್ಲಿ ಸಂರಕ್ಷಣಾ ಮೀಸಲು ಅಂತಲೇ ಘೋಷಿಸಿದ್ದಾರೆ. ಅಂಥ ಕಡೆ ಬೇಲಿ ಒಂದು ಗಜ ಆಚೆ ಇದ್ದರೂ ತಕರಾರು. ಕಡಿಮೆಗೆ ಕೊಡ್ತಿದ್ದಾರೆ ಅಂದರೆ ಕಾರಣ ಇದ್ದೇ ಇರುತ್ತೆ. ಆಕಾರ್‌ಬಂದ್, ಟಿಪ್ಪಣಿ, 11ಇ ನಕ್ಷೆ ಮೂರೂ ತರಿಸಿ ಅಳತೆ ಮಾಡಿಸದೆ ಅಲ್ಲಿ ಒಂದು ಗುಂಟೆಯನ್ನೂ ಮುಟ್ಟಬೇಡ. ಆ ಎರಡೂವರೆ ಎಕರೆ ಅವರಿಗೆ ಬಂದಿದ್ದು ಹೇಗೆ?

ತಮ್ಮ: ಅವರ ತಾತನಿಗೆ ಮಂಜೂರಾಗಿದ್ದಂತೆ. ಸಾಗುವಳಿ ಚೀಟಿ ತೋರಿಸಿದರು.

ಅಕ್ಕ: ಹಾಗಾದರೆ ಪ್ರಶ್ನೆ ಇನ್ನೂ ದೊಡ್ಡದಾಯ್ತು. ಮಂಜೂರಾದ ಜಮೀನಿಗೆ ಇಷ್ಟು ವರ್ಷ ಪರಭಾರೆ ಮಾಡಬಾರದು ಅನ್ನೋ ಷರತ್ತು ಇರುತ್ತೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಮಾಡಿದ ಮಾರಾಟ ಊರ್ಜಿತವೇ ಅಲ್ಲ. ಎಷ್ಟು ವರ್ಷ ಕಳೆದಿದ್ದರೂ ಅವರು ಜಮೀನು ವಾಪಸ್ ಕೇಳಬಹುದು ಅಂತ 2023ರ ತಿದ್ದುಪಡಿ ಹೇಳುತ್ತೆ. ಆ ಕಾನೂನು ಇರಲೇಬೇಕು. ಬಡವನ ಒಂದು ತುಂಡು ಭೂಮಿಯನ್ನ ಕಷ್ಟಕಾಲದಲ್ಲಿ ಚಿಲ್ಲರೆ ಕಾಸಿಗೆ ಬರೆಸಿಕೊಂಡವರನ್ನ ಈ ಸೀಮೆಯಲ್ಲಿ ನಾನೇ ಕಣ್ಣಾರೆ ನೋಡಿದ್ದೀನಿ. ನಮ್ಮ ಮನೆಯ ಮೊದಲ ಆಸ್ತಿ ಅಂಥದ್ದರಲ್ಲಿ ಆಗೋದು ಬೇಡ.

ತಮ್ಮ: ಕೆಮ್ಮಣ್ಣುಗುಂಡಿ ದಾರೀಲಿ, ಲಿಂಗದಹಳ್ಳಿ ಕಡೆ ಹೋಮ್‌ಸ್ಟೇಗೆ ಜಾಗ ಇದೆ ಅಂತ ನನ್ನ ಸ್ನೇಹಿತ ಹೇಳ್ತಿದ್ದ.

ಅಕ್ಕ: ಅದು ಆಸ್ತಿ ಅಲ್ಲ, ದಂಧೆ. ಅಡುಗೆ, ಆಳು, ವಾರದ ಕೊನೆ, ಮಳೆಗಾಲ ಎಲ್ಲಾ ನೋಡಿಕೊಳ್ಳೋಕೆ ಒಬ್ಬರು ಅಲ್ಲೇ ಇರಬೇಕು. ನೀನು ನೌಕರಿಯಲ್ಲಿದ್ದೀಯ. ಕಾಡಿನ ಅಂಚಿನ ನಿರ್ಬಂಧಗಳು ಬೇರೆ. ಆ ಮಾತು ಬಿಡು.

ತಮ್ಮ: ಹಾಗಾದರೆ ನೀನೇ ಹೇಳು, ಏನು ಕೊಳ್ಳಲಿ?

ಅಕ್ಕ: ಬಾಡಿಗೆಗೆ ಜನ ಇರೋ ಕಡೆ, ಈಗಾಗಲೇ ಜನ ವಾಸ ಮಾಡ್ತಿರೋ ಒಂದು ಸಣ್ಣ ಮನೆ. ನೀನು ಹೋದ ತಿಂಗಳು ಹೇಳಿದ್ದೆಯಲ್ಲ, ಕಡೂರಿನ ಒಳಗೆ ಎರಡು ಪೋರ್ಷನ್ ಇರೋ ಹಳೇ ಮನೆ. ಅದರ ಬಗ್ಗೆ ಯಾಕೆ ಮಾತೇ ಎತ್ತಲಿಲ್ಲ?

ತಮ್ಮ: 26 ಲಕ್ಷ ಅಂತಾರೆ. ಕಟ್ಟಡ ಹಳೇದು. ಅದೇ ದುಡ್ಡಿಗೆ ಅಜ್ಜಂಪುರದಲ್ಲಿ ಹೊಸ ಮನೆ ಸಿಗಬಹುದು ಅನ್ನಿಸ್ತು. 2018ರಲ್ಲಿ ತಾಲ್ಲೂಕು ಆದ ಮೇಲೆ ಕಚೇರಿಗಳು ಬರ್ತಿವೆ. ನಾನೂ ಅಲ್ಲೇ ಇದ್ದೀನಿ.

ಅಕ್ಕ: ನೀನು ಇರೋ ಊರು ಅನ್ನೋದು ಒಳ್ಳೆ ಕಾರಣವೇ. ತರೀಕೆರೆಯಿಂದ ಬೇರೆಯಾದ ಮೇಲೆ ಅಜ್ಜಂಪುರಕ್ಕೆ ಕಳೆ ಬಂದಿರೋದೂ ನಿಜ. ಆದರೆ ತಾಲ್ಲೂಕು ಆಗುತ್ತೆ ಅನ್ನೋ ಸುದ್ದಿಗೆ ಬೆಲೆ ಏರಿಬಿಡುತ್ತೆ, ಬಾಡಿಗೆಗೆ ಬರೋ ನೌಕರರು ಒಬ್ಬೊಬ್ಬರಾಗಿ ಬರ್ತಾರೆ. ಒಂದು ಕೆಲಸ ಮಾಡು. ಎರಡೂ ಊರಲ್ಲಿ ‘ಮನೆ ಬಾಡಿಗೆಗಿದೆ’ ಅನ್ನೋ ಬೋರ್ಡುಗಳನ್ನ ನೋಡ್ಕೊಂಡು ಬಾ. ಎಷ್ಟು ತಿಂಗಳಿಂದ ತೂಗ್ತಿವೆ ಅಂತ ಪಕ್ಕದ ಅಂಗಡಿಯವರನ್ನ ಕೇಳು. ಬೆಲೆ ಹೇಳೋಕೆ ಬ್ರೋಕರ್ ಇದ್ದಾನೆ, ಖಾಲಿ ಬಿದ್ದ ಮನೆ ಲೆಕ್ಕ ಅವನು ಹೇಳಲ್ಲ. ಕಡೂರಿನಲ್ಲಿ ಕೋರ್ಟು, ಕಾಲೇಜು, ಬಸ್ ಡಿಪೊ, ಪೊಲೀಸ್ ತರಬೇತಿ ಶಾಲೆ, ರೈಲು ಎಲ್ಲಾ ಇವೆ. ಬೀರೂರು ಜಂಕ್ಷನ್ ಪಕ್ಕದಲ್ಲೇ. ವರ್ಗವಾಗಿ ಬರೋ ಮೇಷ್ಟ್ರು, ಕಂಡಕ್ಟರು, ಗುಮಾಸ್ತರು ಬಾಡಿಗೆ ಮನೆ ಹುಡುಕಲೇಬೇಕು. ಬೋರ್ಡುಗಳೂ ಅದನ್ನೇ ಹೇಳಿದರೆ ಕಡೂರು. ಬೇರೆ ಹೇಳಿದರೆ ನನ್ನ ಮಾತು ಬಿಟ್ಟುಬಿಡು.

ತಮ್ಮ: ಮನೆ ಪತ್ರದಲ್ಲಿ ಏನು ನೋಡಬೇಕು?

ಅಕ್ಕ: ಅದು ಅವರ ಅಪ್ಪನ ಕಾಲದ ಮನೆ ಅಲ್ವಾ? ಮಾರ್ತಿರೋದು ಇಬ್ಬರು ಅಣ್ಣತಮ್ಮಂದಿರು. ಅವರಿಗೆ ಅಕ್ಕತಂಗಿಯರು ಇದ್ದಾರಾ?

ತಮ್ಮ: ಒಬ್ಬರು ಹೊಸದುರ್ಗದಲ್ಲಿ ಇದ್ದಾರಂತೆ. ಮದುವೆ ಮಾಡಿಕೊಟ್ಟು ತುಂಬಾ ವರ್ಷ ಆಗಿದೆ.

ಅಕ್ಕ: ಮದುವೆ ಆದರೆ ಹಕ್ಕು ಹೋಗುತ್ತಾ? 2005ರ ತಿದ್ದುಪಡಿಯಲ್ಲಿ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಸಮಪಾಲು ಬಂತು. ಆ ತಿದ್ದುಪಡಿಯ ದಿನ ತಂದೆ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಮನೆ ಅವರಪ್ಪನ ಸ್ವಯಾರ್ಜಿತವಾಗಿದ್ದು, ಉಯಿಲು ಬರೆಯದೆ ಹೋಗಿದ್ದರೂ ಮಗಳು ವಾರಸುದಾರಳೇ. ವಂಶವೃಕ್ಷ ತೆಗೆಸು. ಆ ಹೆಣ್ಣುಮಗಳೇ ಬಂದು ಕ್ರಯಪತ್ರಕ್ಕೆ ಸಹಿ ಹಾಕಲಿ, ಅವರ ಪಾಲಿನ ದುಡ್ಡು ಅವರ ಖಾತೆಗೇ ಹೋಗಲಿ. ಅಣ್ಣಂದಿರು ‘ಅವಳದೇನೂ ತಕರಾರಿಲ್ಲ’ ಅಂದರೆ ಒಪ್ಪಬೇಡ. ಸುಲಭಕ್ಕೆ ಆಗಲಿ ಅಂತ ಅವಳ ಹೆಸರನ್ನೇ ಬಿಟ್ಟು ವಂಶವೃಕ್ಷ ಮಾಡಿಸಿಕೊಂಡು ಬರೋರೂ ಇದ್ದಾರೆ. ಅಂಥ ಮನೆಗೆ ನೀನು ಹೋಗಬೇಡ.

ಇನ್ನು ಮೂಲಪತ್ರ, ಖಾತೆ, ಕಂದಾಯ ರಸೀದಿ, ಮೂವತ್ತು ವರ್ಷದ ಋಣಭಾರ ಪತ್ರ, ಅಂದರೆ ಇ.ಸಿ. 2004ರಿಂದ ಈಚಿನದ್ದು ಕಾವೇರಿ ಜಾಲತಾಣದಲ್ಲೇ ಸಿಗುತ್ತೆ, ಹಿಂದಿನದ್ದಕ್ಕೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಚೆಕ್ಕುಬಂದಿ ಸ್ಥಳದಲ್ಲಿ ಹೊಂದುತ್ತಾ ನೋಡು. ರಸ್ತೆ ಅಗಲೀಕರಣದ ಗುರುತು ಇದೆಯಾ ಪುರಸಭೆಯಲ್ಲಿ ಕೇಳು. ನಲ್ಲೀಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತೆ ಅಂತ ಈಗಿರೋ ಬಾಡಿಗೆಯವರ ಹೆಂಡತಿಯನ್ನ ಕೇಳು, ಗಂಡನ್ನಲ್ಲ. ನಮ್ಮ ಸೀಮೆಯಲ್ಲಿ ನೀರಿಲ್ಲದ ಮನೆಗೆ ಬಾಡಿಗೆಯವರು ನಿಲ್ಲಲ್ಲ.

ತಮ್ಮ: ಮಾರ್ಗಸೂಚಿ ಬೆಲೆಗೆ ರಿಜಿಸ್ಟ್ರಿ ಮಾಡಿಸಿ, ಉಳಿದಿದ್ದು ಕೈಗೆ ಕೊಡಿ ಅಂತಿದ್ದಾರೆ. ನೋಂದಣಿ ಖರ್ಚು ಉಳಿಯುತ್ತಲ್ಲ?

ಅಕ್ಕ: ಉಳಿಯೋದು ಇವತ್ತು. ಬ್ಯಾಂಕು ಲೆಕ್ಕ ಹಾಕೋದು ಪತ್ರದಲ್ಲಿರೋ ಬೆಲೆಯ ಮೇಲೆ, ನಿನ್ನ ಸಾಲ ಕುಗ್ಗುತ್ತೆ. ಮುಂದೆ ನೀನು ಮಾರುವಾಗ ಇಲ್ಲದ ಲಾಭಕ್ಕೂ ತೆರಿಗೆ ಕಟ್ಟಬೇಕಾಗುತ್ತೆ, ಈಗ ಅದು 12.5%. ಮುಂಗಡವನ್ನ 20,000 ರೂಪಾಯಿ ಮುಟ್ಟೋ ಹಾಗೆ ನಗದಾಗಿ ಇಸ್ಕೊಳ್ಳೋದೂ ಕಾನೂನಿಗೆ ವಿರುದ್ಧ. ಪೂರ್ತಿ 26 ಲಕ್ಷವನ್ನೂ ಪತ್ರದಲ್ಲಿ ಬರೆಸು. ಮುದ್ರಾಂಕ 5% ಅಂದರೆ 1,30,000. ಅದರ ಮೇಲೆ ಸೆಸ್ 10%, 13,000. ಪಟ್ಟಣದ ಸರ್‌ಚಾರ್ಜ್ 2%, 2,600. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ 1% ಇದ್ದದ್ದು 2% ಆಗಿದೆ, 52,000. ಒಟ್ಟು 1,97,600. ಇದಕ್ಕೆ ಬ್ಯಾಂಕು ಸಾಲ ಕೊಡಲ್ಲ, ನಿನ್ನ ಜೇಬಿನಿಂದಲೇ ಬರಬೇಕು.

ತಮ್ಮ: ನನ್ನ ಹತ್ತಿರ 15 ಲಕ್ಷ ಇದೆ. 30 ಲಕ್ಷದ ಒಳಗಿನ ಗೃಹಸಾಲಕ್ಕೆ ಮನೆ ಬೆಲೆಯ 90% ತನಕ ಕೊಡಬಹುದಂತೆ. 23 ಲಕ್ಷ ಸಾಲ ತಗೊಂಡು, ಉಳಿದ ದುಡ್ಡಲ್ಲಿ ಆ ಸೈಟೂ...

ಅಕ್ಕ: ಸ್ವಲ್ಪ ತಡಿ, ಲೆಕ್ಕ ನೋಡೋಣ. ಎರಡು ಪೋರ್ಷನ್ ಸೇರಿ ಬಾಡಿಗೆ ಎಷ್ಟು?

ತಮ್ಮ: ಮುಂದಿನದು 6,500, ಹಿಂದಿನದು 5,000. ತಿಂಗಳಿಗೆ 11,500.

ಅಕ್ಕ: ವರ್ಷಕ್ಕೆ ಹನ್ನೊಂದು ತಿಂಗಳು ಅಂತ ಹಿಡಿ, ಜನ ಬದಲಾಗುವಾಗ ಒಂದು ತಿಂಗಳು ಖಾಲಿ ಹೋಗುತ್ತೆ. 1,26,500. ಕಂದಾಯ, ಸುಣ್ಣಬಣ್ಣ, ಮೋಟರ್ ರಿಪೇರಿಗೆ 16,500 ತೆಗಿ. ಉಳಿದದ್ದು 1,10,000. ಮನೆಗೆ ಬೀಳೋದು ಬೆಲೆ, ನೋಂದಣಿ, ಒಂದು ಲಕ್ಷದ ದುರಸ್ತಿ ಸೇರಿ ಸುಮಾರು 29 ಲಕ್ಷ. ಅಂದರೆ ಹುಟ್ಟುವಳಿ 3.8%. ಸಾಲದ ಬಡ್ಡಿ 9% ಅಂತ ಇಟ್ಕೊಳ್ಳೋಣ. ಗೊತ್ತಾಯ್ತಾ? ಸಾಲ ಮಾಡಿದ ಪ್ರತಿ ರೂಪಾಯಿಗೂ ಮನೆ ದುಡಿಯೋದರ ಎರಡು ಪಟ್ಟಿಗಿಂತ ಹೆಚ್ಚು ನೀನು ಬಡ್ಡಿ ಕಟ್ತೀಯ. ‘ಬಾಡಿಗೆಯೇ ಸಾಲ ತೀರಿಸುತ್ತೆ’ ಅಂತ ಬ್ರೋಕರ್ ಹೇಳ್ತಾನಲ್ಲ, ನಮ್ಮ ಕಡೆ ಊರುಗಳಲ್ಲಿ ಅದು ನಿಜ ಅಲ್ಲ.

ತಮ್ಮ: ಹಾಗಾದರೆ ಎಫ್‌ಡಿ ಇಡೋದೇ ವಾಸಿ ಅಲ್ವಾ?

ಅಕ್ಕ: ಸಂಬಳ ಇಲ್ಲದೆ ಬರೀ 15 ಲಕ್ಷ ಇದ್ದಿದ್ದರೆ ಎಫ್‌ಡಿ ಅಂತಲೇ ಹೇಳ್ತಿದ್ದೆ. ನಿನಗೆ ಸಂಬಳ ಇದೆ, ಸೇವೆ ಇನ್ನೂ ಹದಿನೈದು ವರ್ಷದ ಮೇಲಿದೆ. ಬಾಡಿಗೆ ಕಾಲಕ್ಕೆ ತಕ್ಕ ಹಾಗೆ ಏರುತ್ತೆ, ಕಂತು ಬಡ್ಡಿದರ ಬದಲಾದಾಗ ಮಾತ್ರ ಬದಲಾಗುತ್ತೆ. ರಿಟೈರ್ ಆಗೋ ಹೊತ್ತಿಗೆ ಸಾಲ ಇಲ್ಲದ ಮನೆ, ಪೂರ್ತಿ ಬಾಡಿಗೆ ನಿನ್ನದಾಗುತ್ತೆ. ಅಷ್ಟಕ್ಕೇ ಇದನ್ನ ಕೊಳ್ಳಬೇಕು. ಬೆಲೆ ಏರಿದರೆ ಅದು ಮೇಲಿನ ಲಾಭ, ಅದನ್ನ ನಂಬಿ ಕೊಳ್ಳಬಾರದು. ಅದಕ್ಕೇ ಸಾಲ ಎಷ್ಟು ಸಿಗುತ್ತೆ ಅಂತ ಕೇಳಬೇಡ, ಎಷ್ಟು ಕಡಿಮೆಯಲ್ಲಿ ಮುಗಿಯುತ್ತೆ ಅಂತ ಕೇಳು. 23 ಲಕ್ಷಕ್ಕೆ 15 ವರ್ಷದ ಕಂತು ಸುಮಾರು 23,300. ಬಾಡಿಗೆ ಕಳೆದರೂ ತಿಂಗಳಿಗೆ 14,000ದ ಮೇಲೆ ಸಂಬಳದಿಂದ ಹೋಗುತ್ತೆ. 15 ಲಕ್ಷ ಸಾಲ ಮಾಡಿದರೆ ಕಂತು 15,214. ಕೈಯಿಂದ ಹಾಕೋದು 6,000 ಚಿಲ್ಲರೆ. ಅದು ತಡೆಯುತ್ತೆ.

ತಮ್ಮ: ನನ್ನ 15 ಲಕ್ಷದಲ್ಲಿ 11 ಲಕ್ಷ ಮನೆಗೆ, ಸುಮಾರು 2 ಲಕ್ಷ ನೋಂದಣಿಗೆ, 1 ಲಕ್ಷ ದುರಸ್ತಿಗೆ.

ಅಕ್ಕ: ಉಳಿದ 1 ಲಕ್ಷ ಮುಟ್ಟಬೇಡ. ಆರು ತಿಂಗಳ ಕಂತಿಗೆ 91,000 ಚಿಲ್ಲರೆ ಬೇಕು, ಅದು ಬೇರೆ ಖಾತೆಯಲ್ಲಿ ಇರಲಿ. ಇನ್ನೊಂದು ಮುಖ್ಯವಾದ ಮಾತು. ಅಡಿಕೆಯಲ್ಲಿ ನಿನ್ನ ಪಾಲು ಬರೋದು ವರ್ಷಕ್ಕೊಮ್ಮೆ, ಖೇಣಿ ಕೊಟ್ಟಾಗ. ಆ ದುಡ್ಡನ್ನ ನಂಬಿ ತಿಂಗಳ ಕಂತು ಒಪ್ಪಿಕೊಳ್ಳಬಾರದು. ಕಂತು ಸಂಬಳಕ್ಕೆ, ಅಡಿಕೆ ಅಸಲಿಗೆ. ವ್ಯಕ್ತಿಗಳು ತಮ್ಮ ಹೆಸರಲ್ಲಿ ತಗೊಂಡ ಬದಲಾಗುವ ಬಡ್ಡಿಯ ಗೃಹಸಾಲವನ್ನ ಮುಂಚೆ ತೀರಿಸಿದರೆ ಬ್ಯಾಂಕು ದಂಡ ಹಾಕೋ ಹಾಗಿಲ್ಲ. ವರ್ಷಕ್ಕೆ ಒಂದೇ ಒಂದು ಲಕ್ಷ ಅಸಲಿಗೆ ಕಟ್ಟುತ್ತಾ ಹೋಗು, ಕಂತು ಕಡಿಮೆ ಮಾಡಿಸಬೇಡ, ಅವಧಿ ಕಡಿಮೆ ಆಗಲಿ. ಬಡ್ಡಿ 9% ಆಗಿಯೇ ಉಳಿದರೆ 15 ವರ್ಷದ ಸಾಲ 8 ವರ್ಷದೊಳಗೆ ಮುಗಿಯುತ್ತೆ. ಪೂರ್ತಿ ಅವಧಿ ಕಟ್ಟಿದರೆ ಬಡ್ಡಿ 12 ಲಕ್ಷ ದಾಟುತ್ತೆ, ಹೀಗೆ ಕಟ್ಟಿದರೆ 6 ಲಕ್ಷದ ಆಸುಪಾಸು. ಒಂದು ವರ್ಷ ಬೆಳೆ ಬರಲಿಲ್ಲ ಅಂತಿಟ್ಕೋ, ಆ ಲಕ್ಷ ಕಟ್ಟದಿದ್ದರೆ ಯಾರೂ ಕೇಳಲ್ಲ.

ತಮ್ಮ: ಅಮ್ಮನ ಹೆಸರಲ್ಲಿ ಸೊಸೈಟಿಯಲ್ಲಿ 5 ಲಕ್ಷದ ತನಕ ಬಡ್ಡಿ ಇಲ್ಲದ ಸಾಲ ಸಿಗುತ್ತಲ್ಲ, ಅದನ್ನ ಸೇರಿಸಿಕೊಂಡರೆ?

ಅಕ್ಕ: ಅದು ಬೆಳೆಗೆ ಕೊಡೋ ಸಾಲ. ಅದರ ಬಡ್ಡಿಯನ್ನ ಸರ್ಕಾರ ಕಟ್ತಿರೋದು ರೈತ ಗೊಬ್ಬರ ಹಾಕಲಿ ಅಂತ. ಅದನ್ನ ಮನೆಗೆ ಹಾಕೋದು ತಪ್ಪು. ಅಲ್ಲದೆ ವರ್ಷದೊಳಗೆ ತೀರಿಸಬೇಕು. ಒಂದು ಸಲ ತಪ್ಪಿದರೆ ಅಮ್ಮ ಬಡ್ಡಿ ಸಮೇತ ಕಟ್ಟಬೇಕು. ಒಡವೆ ಇಡೋದು, ಚೀಟಿ ಮೊದಲೇ ಕೂಗೋದು, ಅವೂ ಬೇಡ. ಅವೆಲ್ಲಾ ಆಸ್ಪತ್ರೆ ಖರ್ಚಿನಂಥ ತುರ್ತಿಗೆ ಇರಲಿ.

ತಮ್ಮ: ತೋಟದ ಮೇಲೆ ಸಾಲ ಬೇಡವೇ ಬೇಡ ಅಂತೀಯ. ಸಹಿ ಹಾಕಲ್ಲ ಅಂತ ನೇರವಾಗಿ ಹೇಳಬಾರದಾ?

ಅಕ್ಕ: ನೇರವಾಗೇ ಹೇಳ್ತೀನಿ. ಹಾಕಲ್ಲ. ನನ್ನ ಪಾಲು ಉಳಿಸಿಕೊಳ್ಳೋಕೆ ಅಂತ ತಿಳ್ಕೋಬೇಡ. 2024ರ ಬೇಸಿಗೆ ನೆನಪಿದೆಯಲ್ಲ? ಬೋರು ನಿಂತು, ಊರಿಗೆ ಊರೇ ಟ್ಯಾಂಕರ್ ನೀರು ಹೊಡೆಸಿ ಗಿಡ ಉಳಿಸಿಕೊಂಡಿತು. ಆ ವರ್ಷ ತೋಟದ ಮೇಲೆ ಸಾಲ ಇದ್ದಿದ್ದರೆ ಕಂತಿಗೆ ದುಡ್ಡು ಹೊಂದಿಸ್ತಿದ್ದೆಯಾ, ಟ್ಯಾಂಕರಿಗೆ ಹೊಂದಿಸ್ತಿದ್ದೆಯಾ? ಗೃಹಸಾಲ ಕೆಟ್ಟರೆ ಬ್ಯಾಂಕು ಮೊದಲು ಹಿಡಿಯೋದು ಆ ಮನೆಯನ್ನ. ಅದು ಹೋದರೆ ನಷ್ಟ ಆಗುತ್ತೆ, ನಾವು ಬದುಕ್ತೀವಿ. ತೋಟ ಹೋದರೆ ಅಮ್ಮ ಎಲ್ಲಿ ಕೂತ್ಕೋಬೇಕು? ಅಡಿಕೆ ಗಿಡ ಫಸಲಿಗೆ ಬರೋಕೆ ಐದಾರು ವರ್ಷ ಬೇಕು. ಅಪ್ಪ ನೀರು ಹೊತ್ತು ಬೆಳೆಸಿದ ಗಿಡಗಳು ಅವು. ಇನ್ನೊಂದು ಆಸ್ತಿ ಮಾಡೋಕೆ ಇರೋ ಆಸ್ತಿಯನ್ನ ಪಣಕ್ಕೆ ಇಡೋ ಕೆಲಸಕ್ಕೆ ನನ್ನ ಸಹಿ ಸಿಗಲ್ಲ.

ತಮ್ಮ: ಸರಿ ಅಕ್ಕ. ಆದರೆ ಮನೆಯವರು ಈ ವಾರವೇ ಮುಂಗಡ ಕೊಡಿ ಅಂತಿದ್ದಾರೆ. ಇಲ್ಲದಿದ್ದರೆ ಬೇರೆಯವರಿಗೆ ಕೊಡ್ತಾರಂತೆ.

ಅಕ್ಕ: ಕೊಟ್ಟರೆ ಕೊಡಲಿ. ಹೊಸದುರ್ಗದ ಆ ಹೆಣ್ಣುಮಗಳು ಸಹಿಗೆ ಬರ್ತಾರಾ ಅಂತ ಮೊದಲು ಕೇಳು. ಬರ್ತಾರೆ ಅಂದರೆ ಇ.ಸಿ.ಗೆ ಅರ್ಜಿ ಹಾಕು, ಪತ್ರದ ನಕಲು ಇಸ್ಕೊಂಡು ಬ್ಯಾಂಕಿಗೆ ಕೊಡು. ನಮ್ಮ ಕಡೆಯಿಂದ ಬೇರೊಬ್ಬ ವಕೀಲರಿಗೂ ತೋರಿಸೋಣ, ಆ ಫೀಸು ನಾನು ಕೊಡ್ತೀನಿ. ಎರಡೂ ಅಭಿಪ್ರಾಯ ಕೈಗೆ ಬಂದ ಮೇಲೆ ಕರಾರು ನೋಂದಣಿ ಮಾಡಿಸಿ, ಮುಂಗಡವನ್ನ ಮೂವರ ಖಾತೆಗೂ ಹಾಕು. ಅಲ್ಲಿ ತನಕ ಒಂದು ರೂಪಾಯಿಯನ್ನೂ ಕೊಡಬೇಡ.